ಬಲ ಎಂಜಿನ್ನಿನದೋ, ನೆಲದ್ದೋ?

ಮೋಟಾರು ಕಾರುಗಳ ವಿಷಯದಲ್ಲಿ ಅಕ್ಕರೆಯುಳ್ಳ ನಾಲ್ಕು ಮಂದಿ ಒಂದೆಡೆ ಕೂಡಿದರೆ ಅಲ್ಲಿ ಒಂದು ವಾದ ಹುಟ್ಟಿಕೊಳ್ಳುವುದು ಬಹುಮಟ್ಟಿಗೆ ನಿಶ್ಚಯ. ಸಂಗೀತದ ರಸಿಕರು ಬಾನಿಗಳನ್ನು ಕುರಿತು ಜಗಳವಾಡುವಂತೆ ಇವರು ಯಂತ್ರಗಳನ್ನು ಕುರಿತು ಜಗಳವಾಡುತ್ತಾರೆ. ಇವರಲ್ಲಿ ಮುಖ್ಯವಾಗಿ ಎರಡು ಪಕ್ಷಗಳುಂಟು. ಒಂದು ಪಕ್ಷದವರಿಗೆ ಎಂಜಿನ್ನೇ ಸರ್ವಸ್ವ. ಅದರ ಸಿಲಿಂಡರುಗಳು ಎಷ್ಟು, ಅಶ್ವಶಕ್ತಿ ಎಷ್ಟು, ಅದು ಗುಡುಗುವ ಸದ್ದು ಎಂಥದು ಎಂಬುದರಲ್ಲಿಯೇ ಕಾರಿನ ಹಿರಿಮೆ ಅಡಗಿದೆ ಎಂದು ಅವರ ನಂಬಿಕೆ. ಇನ್ನೊಂದು ಪಕ್ಷದವರು ಎಂಜಿನ್ನಿನ ಬಲ ಎಷ್ಟು ಚಕ್ರಗಳಿಗೆ, ಯಾವ ಕ್ರಮದಲ್ಲಿ ಹಂಚಿಕೆಯಾಗುತ್ತದೆ ಎಂಬುದನ್ನು ಮೊದಲು ಕೇಳುತ್ತಾರೆ. ನಾಲ್ಕೂ ಚಕ್ರಗಳು ದುಡಿಯುವ ಕಾರಿನ ಮುಂದೆ ಎರಡು ಚಕ್ರಗಳ ಕಾರು ಎಷ್ಟು ಬಲವುಳ್ಳದ್ದಾದರೂ ಕುಂಟನಂತೆ ಎಂಬುದು ಇವರ ವಾದ.

ಇಂಥ ವಾದಗಳನ್ನು ನಾನು ಬಹಳ ಕಾಲದಿಂದ ಆಸಕ್ತಿಯಿಂದ ಕೇಳುತ್ತ ಬಂದಿದ್ದೇನೆ. ಎರಡು ಪಕ್ಷಗಳಲ್ಲಿಯೂ ತಿಳಿವಳಿಕೆಯುಳ್ಳವರಿದ್ದಾರೆ. ಎರಡು ಪಕ್ಷಗಳಿಗೂ ಚರಿತ್ರೆಯಲ್ಲಿ ಆಧಾರಗಳಿವೆ. ಆದರೆ ವಾದದ ಬಿಸಿಯಲ್ಲಿ ಮೂರನೆಯ ಸಾಕ್ಷಿಯೊಂದನ್ನು ಇಬ್ಬರೂ ಕರೆಯುವುದೇ ಇಲ್ಲ. ಆ ಸಾಕ್ಷಿ ಯಾವುದೆಂದರೆ ನೆಲ. ಎಂಜಿನ್ನು ಎಷ್ಟೇ ಬಲವನ್ನು ಕೊಡಲಿ, ಅದು ಎಷ್ಟೇ ಚಕ್ರಗಳಿಗೆ ಹರಿದು ಹೋಗಲಿ, ನೆಲ ಒಪ್ಪಿಕೊಂಡಷ್ಟು ಮಾತ್ರ ಬಲ. ಉಳಿದದ್ದೆಲ್ಲ ಹೊಗೆ ಮತ್ತು ಸದ್ದು. ಈ ಒಂದು ಮಾತನ್ನು ಕಳೆದ ನೂರಿಪ್ಪತ್ತು ವರ್ಷಗಳ ಕೆಲವು ಘಟನೆಗಳ ಮೂಲಕ ನಿಮ್ಮ ಮುಂದಿಡಬೇಕೆಂದು ನನ್ನ ಉದ್ದೇಶ.

ಮೊದಲು ಎಂಜಿನ್ನಿನ ಪಕ್ಷದವರ ಮಾತನ್ನು ಕೇಳೋಣ. 75 ಕಿಲೋಗ್ರಾಂ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತರಕ್ಕೆ ಎತ್ತುವ ಶಕ್ತಿಯನ್ನು ಮೆಟ್ರಿಕ್ ಲೆಕ್ಕದಲ್ಲಿ ಒಂದು ಅಶ್ವಶಕ್ತಿ ಎನ್ನುತ್ತಾರೆ. ಎಂಜಿನ್ನಿನ ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿ ಬೆರೆತು ಉರಿದಾಗ ಈ ಶಕ್ತಿ ಹುಟ್ಟುತ್ತದೆ. ಹೆಚ್ಚು ಶಕ್ತಿ ಬೇಕಾದರೆ ಹೆಚ್ಚು ಗಾಳಿ ಬೇಕು. ಅದಕ್ಕಾಗಿ ಸಿಲಿಂಡರುಗಳನ್ನು ಹಿಗ್ಗಿಸಬಹುದು. ಇಲ್ಲವೆ ಅವುಗಳ ಸಂಖ್ಯೆಯನ್ನು ಹೆಚ್ಚಿಸಬಹುದು. ಇಲ್ಲವೆ ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಗಾಲಿಯನ್ನು ತಿರುಗಿಸಿ, ಅದರಿಂದ ಗಾಳಿಯನ್ನು ಒಳಕ್ಕೆ ಒತ್ತಿ ತುಂಬಬಹುದು. ಈ ಕೊನೆಯ ಉಪಾಯವೇ ಟರ್ಬೊ. ಕಮ್ಮಾರನ ಕುಲುಮೆಗೆ ತಿದಿಯೊತ್ತುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಹೆಚ್ಚಿನ ಅಂತರವಿಲ್ಲ. ಸಣ್ಣ ಎಂಜಿನ್ನಿನಿಂದ ದೊಡ್ಡ ಎಂಜಿನ್ನಿನ ಕೆಲಸವನ್ನು ತೆಗೆಯುವ ಈ ವಿದ್ಯೆ 1970ರ ಮತ್ತು 1980ರ ದಶಕಗಳಲ್ಲಿ ಪಂದ್ಯದ ಕಾರುಗಳ ರೂಪವನ್ನೇ ಬದಲಿಸಿತು. ಎಂಜಿನ್ನಿನ ಅಭಿಮಾನಿಗಳು ಇದನ್ನು ಮನುಷ್ಯನ ಬುದ್ಧಿಯ ದೊಡ್ಡ ಸಾಧನೆಗಳಲ್ಲಿ ಒಂದೆಂದು ಎಣಿಸುವುದು ತಪ್ಪಲ್ಲ.

ಇನ್ನು ನೆಲದ ಮಾತು. ಕಾರಿನ ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಸುಮಾರು ಅಂಗೈ ಅಗಲದ ಜಾಗದಲ್ಲಿ ಮಾತ್ರ. ಸಾವಿರ ಕಿಲೋ ತೂಕದ ಕಾರು ಓಡುವುದು, ನಿಲ್ಲುವುದು, ತಿರುಗುವುದು ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತದಿಂದ. ಎತ್ತಿನ ಗಾಡಿಯಲ್ಲಿ ಚಕ್ರ ಸುಮ್ಮನೆ ಉರುಳುತ್ತದೆ. ನೆಲವನ್ನು ಒತ್ತಿ ಮುಂದಕ್ಕೆ ತಳ್ಳುವುದು ಎತ್ತಿನ ಗೊರಸು. ಕಾರಿನಲ್ಲಿ ಆ ಗೊರಸಿನ ಕೆಲಸವನ್ನೂ ಚಕ್ರವೇ ಮಾಡಬೇಕು. ಒಂದು ಸರಳ ಲೆಕ್ಕವನ್ನು ನೋಡಿ. ಸಾವಿರ ಕಿಲೋ ತೂಕ ನಾಲ್ಕು ಚಕ್ರಗಳ ಮೇಲೆ ಸಮನಾಗಿ ಕುಳಿತಿದೆ ಎಂದುಕೊಳ್ಳೋಣ. ಒಣ ಡಾಂಬರಿನ ಮೇಲೆ ಟೈರು ತಾನು ಹೊತ್ತ ತೂಕಕ್ಕೆ ಹೆಚ್ಚುಕಡಿಮೆ ಸಮನಾದ ಬಲದಿಂದ ನೆಲವನ್ನು ತಳ್ಳಬಲ್ಲದು. ಎರಡು ಚಕ್ರಗಳು ಮಾತ್ರ ದುಡಿದರೆ 500 ಕಿಲೋ, ನಾಲ್ಕೂ ದುಡಿದರೆ 1000 ಕಿಲೋ. ಅದೇ ಹಿಮದ ಮೇಲೆ ಆ ಹಿಡಿತ ಐದನೆಯ ಒಂದು ಪಾಲಿಗೆ ಇಳಿದರೆ ಎರಡು ಚಕ್ರಗಳಿಗೆ 100 ಕಿಲೋ, ನಾಲ್ಕಕ್ಕೆ 200 ಕಿಲೋ. ಎಂಜಿನ್ನು ಇದಕ್ಕಿಂತ ಹೆಚ್ಚು ಬಲವನ್ನು ಕಳುಹಿಸಿದರೆ ಚಕ್ರ ಇದ್ದಲ್ಲಿಯೇ ಸುತ್ತುತ್ತದೆ, ಕಾರು ಮುಂದೆ ಸಾಗುವುದಿಲ್ಲ. ಒಣ ನೆಲದಲ್ಲಿ ಸಾಧಾರಣ ಎಂಜಿನ್ನಿಗೆ ಎರಡು ಚಕ್ರಗಳೇ ಸಾಕಾಗುತ್ತವೆ. ಎಂಜಿನ್ನು ಬಲಿತಷ್ಟೂ, ನೆಲ ಜಾರಿದಷ್ಟೂ, ಉಳಿದ ಎರಡು ಚಕ್ರಗಳ ನೆರವು ಬೇಕಾಗುತ್ತದೆ. ನಾಲ್ಕು ಚಕ್ರಗಳ ಪಕ್ಷದವರ ವಾದದ ತಿರುಳು ಇಷ್ಟೇ.

ಆದರೆ ನಾಲ್ಕು ಚಕ್ರಗಳನ್ನು ಒಟ್ಟಿಗೆ ದುಡಿಸುವುದು ಹೇಳಿದಷ್ಟು ಸುಲಭವಲ್ಲ. ಸುಗ್ಗಿಯ ಕಣದಲ್ಲಿ ಹಂತಿ ಕಟ್ಟಿ ತುಳಿಸುವುದನ್ನು ಕಂಡವರಿಗೆ ಇದರ ಕಾರಣ ಕೂಡಲೆ ತಿಳಿಯುತ್ತದೆ. ಮೇಟಿಯ ಪಕ್ಕದ ಎತ್ತು ನಿಧಾನವಾಗಿ ಹೆಜ್ಜೆಯಿಟ್ಟರೆ ಸಾಕು. ಹೊರಗಡೆಯ ಎತ್ತು ಓಡಬೇಕು. ಎಲ್ಲ ಎತ್ತುಗಳೂ ಒಂದೇ ಸಮನೆ ಹೆಜ್ಜೆ ಹಾಕುತ್ತೇವೆಂದರೆ ಹಂತಿ ತಿರುಗುವುದೇ ಇಲ್ಲ. ಕಾರು ತಿರುಗುವಾಗಲೂ ಹೀಗೆಯೇ. ಒಳಗಿನ ಚಕ್ರಕ್ಕಿಂತ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು. ಹಿಂದಿನ ಚಕ್ರಗಳಿಗಿಂತ ಮುಂದಿನ ಚಕ್ರಗಳು ದೊಡ್ಡ ವೃತ್ತದಲ್ಲಿ ನಡೆಯಬೇಕು. ಈ ವ್ಯತ್ಯಾಸಕ್ಕೆ ಎಡೆಗೊಡುವ ಹಲ್ಲುಗಾಲಿಗಳ ಗೂಡಿಗೆ ಡಿಫರೆನ್ಷಿಯಲ್ ಎಂದು ಹೆಸರು. ಹಳೆಯ ಜೀಪಿನಲ್ಲಿ ಎಡ ಬಲ ಚಕ್ರಗಳ ನಡುವೆ ಅದು ಇತ್ತು. ಮುಂದು ಹಿಂದಿನ ಅಚ್ಚುಗಳ ನಡುವೆ ಇರಲಿಲ್ಲ. ಆದುದರಿಂದ ಒಣ ರಸ್ತೆಯಲ್ಲಿ ನಾಲ್ಕು ಚಕ್ರಗಳನ್ನೂ ಹೂಡಿ ತಿರುಗಿಸಿದರೆ ಎತ್ತು ಏರಿಗೆಳೆದಂತೆ, ಕೋಣ ನೀರಿಗೆಳೆದಂತೆ ಆಗುತ್ತಿತ್ತು. ಕೆಸರಿನಲ್ಲಿ ಚಕ್ರಗಳು ತಾವಾಗಿಯೇ ಸ್ವಲ್ಪ ಜಾರಿ ಜಗಳವನ್ನು ಬಗೆಹರಿಸಿಕೊಳ್ಳುತ್ತಿದ್ದವು. ರಸ್ತೆಗೆ ಬಂದೊಡನೆ ಚಾಲಕ ಸನ್ನೆಯನ್ನು ಎಳೆದು ಮುಂದಿನ ಚಕ್ರಗಳನ್ನು ಬಿಡಿಸಿಬಿಡುತ್ತಿದ್ದ.

ನಾಲ್ಕು ಚಕ್ರಗಳ ಆಲೋಚನೆ ಜೀಪಿಗಿಂತ ಬಹಳ ಹಳೆಯದು. 1903ರಲ್ಲಿಯೇ ಹಾಲೆಂಡಿನ ಸ್ಪೈಕರ್ ಸೋದರರು ಆರು ಸಿಲಿಂಡರುಗಳ, 60 ಅಶ್ವಶಕ್ತಿಯ, ನಾಲ್ಕೂ ಚಕ್ರಗಳಿಗೆ ಬಲ ಹರಿಯುವ ಕಾರನ್ನು ಕಟ್ಟಿದ್ದರು. ಅದು ಇಂದಿಗೂ ಆ ದೇಶದ ಹೇಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಇಂಗ್ಲೆಂಡಿನಲ್ಲಿ ಹ್ಯಾರಿ ಫರ್ಗುಸನ್ ಎಂಬಾತ ಈ ವಿದ್ಯೆಯನ್ನು ಕೈಗೆತ್ತಿಕೊಂಡ. ನಮ್ಮ ರೈತರಿಗೂ ಪರಿಚಿತವಾದ ಮ್ಯಾಸಿ ಫರ್ಗುಸನ್ ಟ್ರಾಕ್ಟರಿನ ಹೆಸರಿನಲ್ಲಿರುವ ಫರ್ಗುಸನ್ ಇವನೇ. ಉಳುವ ನೆಲದ ಹದವನ್ನು ಬಲ್ಲವನಿಗೆ ಚಕ್ರದ ಹಿಡಿತದ ಮರ್ಮ ಹೊಳೆದದ್ದು ಆಶ್ಚರ್ಯವಲ್ಲ. ಅವನ ಸಂಸ್ಥೆ ಕಟ್ಟಿದ ಪಿ-99 ಎಂಬ ಪಂದ್ಯದ ಕಾರನ್ನು 1961ರಲ್ಲಿ ಸ್ಟರ್ಲಿಂಗ್ ಮಾಸ್ ಔಲ್ಟನ್ ಪಾರ್ಕಿನ ತೇವದ ದಾರಿಯಲ್ಲಿ ಓಡಿಸಿ ಗೋಲ್ಡ್ ಕಪ್ಪನ್ನು ಗೆದ್ದ. ಅದು ವಿಶ್ವ ಚಾಂಪಿಯನ್‌ಷಿಪ್ಪಿನ ಲೆಕ್ಕಕ್ಕೆ ಸೇರಿದ ಪಂದ್ಯವಲ್ಲ. ಆದರೂ ಫಾರ್ಮುಲಾ ಒಂದರ ಕಾರುಗಳ ಪಂದ್ಯವನ್ನು ನಾಲ್ಕು ಚಕ್ರ ಚಾಲನೆಯ ಕಾರೊಂದು ಗೆದ್ದದ್ದು ಅದೊಂದೇ ಸಲ. ಅದನ್ನು ನೋಡಲು ಫರ್ಗುಸನ್ ಉಳಿದಿರಲಿಲ್ಲ, 1960ರಲ್ಲಿಯೇ ತೀರಿಕೊಂಡಿದ್ದ. ಅವನ ವ್ಯವಸ್ಥೆಯನ್ನೇ ಅಳವಡಿಸಿಕೊಂಡು 1966ರಲ್ಲಿ ಜೆನ್ಸನ್ ಎಫ್‌ಎಫ್ ಎಂಬ ಐಷಾರಾಮಿ ಕಾರು ಹೊರಬಂತು. ಅದರಲ್ಲಿ ದೊಡ್ಡ ಅಮೆರಿಕನ್ ವಿ-8 ಎಂಜಿನ್ನೂ ಇತ್ತು, ಚಕ್ರಗಳು ಬಿಗಿದುಕೊಳ್ಳದಂತೆ ತಡೆಯುವ ಬ್ರೇಕೂ ಇತ್ತು. ಕಾಲಕ್ಕಿಂತ ಮುಂದಿದ್ದ ಆ ಕಾರು ಒಟ್ಟು 320 ಮಾತ್ರ ತಯಾರಾದವು.

ಹಾಗಾದರೆ ನಾಲ್ಕು ಚಕ್ರಗಳ ಪಕ್ಷ ಗೆದ್ದಂತೆಯೇ ಅಲ್ಲವೆ? ಅಲ್ಲ. 1969ರಲ್ಲಿ ಲೋಟಸ್, ಮಾತ್ರಾ, ಮೆಕ್ಲಾರೆನ್ ಸಂಸ್ಥೆಗಳು ಫರ್ಗುಸನ್ನನ ಯಶಸ್ಸನ್ನು ನೆನೆದು ಫಾರ್ಮುಲಾ ಒಂದಕ್ಕೆ ನಾಲ್ಕು ಚಕ್ರ ಚಾಲನೆಯ ಕಾರುಗಳನ್ನು ಕಟ್ಟಿದವು. ಹೊಸ ಮೂರು ಲೀಟರ್ ಎಂಜಿನ್ನುಗಳ ಬಲವನ್ನು ಎರಡೇ ಚಕ್ರಗಳು ತಾಳಲಾರವು ಎಂಬುದು ಅವರ ಎಣಿಕೆ. ಆದರೆ ಅಷ್ಟರಲ್ಲಿ, ಅಂದರೆ 1968ರಲ್ಲಿ, ಕಾರುಗಳಿಗೆ ರೆಕ್ಕೆಗಳನ್ನು ಕಟ್ಟುವ ಪದ್ಧತಿ ಬಂದಿತ್ತು. ವಿಮಾನದ ರೆಕ್ಕೆಯನ್ನು ಮಗುಚಿದಂತಿರುವ ಈ ಫಲಕ ಓಟದ ಗಾಳಿಯಿಂದಲೇ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ತೂಕ ಹೆಚ್ಚದೆಯೇ ಹಿಡಿತ ಹೆಚ್ಚುತ್ತದೆ. ಹೆಚ್ಚಿನ ದಂಡಗಳನ್ನೂ ಹಲ್ಲುಗಾಲಿಗಳನ್ನೂ ಹೊತ್ತ ನಾಲ್ಕು ಚಕ್ರದ ಕಾರುಗಳು ಭಾರವಾದವು, ತಿರುವುಗಳಲ್ಲಿ ಮೊಂಡುಹಿಡಿದವು. ಆ ಇಡೀ ವರ್ಷದಲ್ಲಿ ಅವುಗಳಿಗೆ ದೊರೆತದ್ದು ಕೆನಡಾದ ಪಂದ್ಯದಲ್ಲಿ ಮಾತ್ರಾ ಕಾರು ಆರನೆಯದಾಗಿ ಬಂದು ಗಳಿಸಿದ ಒಂದೇ ಒಂದು ಅಂಕ. ಹದಿಮೂರನೆಯ ವರ್ಷದ ಹೊತ್ತಿಗೆ ಆ ಕ್ರೀಡೆಯ ನಿಯಮಗಳೇ ನಾಲ್ಕು ಚಕ್ರ ಚಾಲನೆಯನ್ನು ನಿಷೇಧಿಸಿದವು. ನೆಲ ಬೇರೆಯಾದರೆ ತೀರ್ಪೂ ಬೇರೆಯಾಗುತ್ತದೆ ಎಂಬುದಕ್ಕೆ ಇದು ಮೊದಲ ನಿದರ್ಶನ.

ಎರಡನೆಯ ನಿದರ್ಶನ ಹಿಮದ ಮೇಲೆ ದೊರೆಯಿತು. 1976-77ರ ಚಳಿಗಾಲದಲ್ಲಿ ಜರ್ಮನಿಯ ಆಡಿ ಸಂಸ್ಥೆಯ ಎಂಜಿನಿಯರುಗಳು ಫಿನ್ಲೆಂಡಿನಲ್ಲಿ ಹೊಸ ಕಾರುಗಳನ್ನು ಪರೀಕ್ಷಿಸುತ್ತಿದ್ದರು. ಅವರ ಜೊತೆಯಲ್ಲಿ ಸೈನ್ಯಕ್ಕಾಗಿ ರೂಪಿಸಿದ ಇಲ್ಟಿಸ್ ಎಂಬ ಎತ್ತರದ, ಒರಟು ವಾಹನವೂ ಇತ್ತು. ಅದರ ಎಂಜಿನ್ನಿಗೆ ಇದ್ದದ್ದು 75 ಅಶ್ವಶಕ್ತಿ. ಅದಕ್ಕಿಂತ ಎಷ್ಟೋ ಬಲಶಾಲಿಯಾದ ಕಾರುಗಳು ಹಿಮದಲ್ಲಿ ತಡವರಿಸುತ್ತಿದ್ದಾಗ ಈ ಬಡ ವಾಹನ ನಾಲ್ಕು ಚಕ್ರಗಳ ನೆರವಿನಿಂದ ಅವುಗಳನ್ನು ಹಿಂದೆ ಹಾಕಿತು. ಯೋರ್ಗ್ ಬೆನ್ಸಿಂಗರ್ ಎಂಬ ಎಂಜಿನಿಯರನ ಮನಸ್ಸಿನಲ್ಲಿ ಆಗ ಒಂದು ಪ್ರಶ್ನೆ ಹುಟ್ಟಿತು. ಇದೇ ವ್ಯವಸ್ಥೆಯನ್ನು ಬಲವಾದ ಎಂಜಿನ್ನಿನ ಕಾರಿಗೆ ಕೊಟ್ಟರೆ ಹೇಗೆ? ಸಂಸ್ಥೆಯ ತಾಂತ್ರಿಕ ಮುಖ್ಯಸ್ಥನಾಗಿದ್ದ ಫರ್ಡಿನಾಂಡ್ ಪೀಹ್ ಆ ಪ್ರಶ್ನೆಗೆ ಬೆನ್ನುಕೊಟ್ಟ. 1978ರ ಜನವರಿಯಲ್ಲಿ ಆಸ್ಟ್ರಿಯದ ಟುರಾಖರ್ ಹೋಹೆ ಎಂಬ ಹಿಮದಿಂದ ಮುಚ್ಚಿದ ಕಡಿದಾದ ಘಾಟಿಯನ್ನು ಪ್ರಾಯೋಗಿಕ ಕಾರು ಬೇಸಗೆಯ ಟೈರುಗಳಲ್ಲಿಯೇ ಹತ್ತಿತು.

ಉಳಿದದ್ದು ಭಾರದ ಸಮಸ್ಯೆ. ಜೀಪಿನಂತೆ ಬಲವನ್ನು ಹಂಚಲು ಪ್ರತ್ಯೇಕವಾದ ಭಾರಿ ಪೆಟ್ಟಿಗೆಯನ್ನು ಇಟ್ಟರೆ ಕಾರು ಕಾರಾಗಿ ಉಳಿಯುವುದಿಲ್ಲ. ಇದಕ್ಕೆ ದೊರೆತ ಪರಿಹಾರ ಬಹಳ ಚೆಲುವಾದದ್ದು. ಗೇರ್‌ಪೆಟ್ಟಿಗೆಯೊಳಗೆ 26 ಸೆಂಟಿಮೀಟರಿನಷ್ಟು ಉದ್ದದ ಟೊಳ್ಳು ದಂಡವೊಂದನ್ನು ಇಟ್ಟರು. ಬಲ ಆ ಟೊಳ್ಳು ದಂಡದ ಮೈಯಲ್ಲಿ ಹಿಂದಕ್ಕೆ ಹೋಗಿ ನಡುವಿನ ಡಿಫರೆನ್ಷಿಯಲನ್ನು ಸೇರುತ್ತದೆ. ಅಲ್ಲಿಂದ ಅರ್ಧ ಹಿಂದಿನ ಚಕ್ರಗಳಿಗೆ ಸಾಗುತ್ತದೆ. ಉಳಿದರ್ಧ ಅದೇ ಟೊಳ್ಳಿನೊಳಗೆ ತೂರಿಸಿದ ತೆಳುವಾದ ಇನ್ನೊಂದು ದಂಡದ ಮೂಲಕ ಮುಂದಿನ ಚಕ್ರಗಳಿಗೆ ಮರಳುತ್ತದೆ. 1980ರ ಮಾರ್ಚ್ ತಿಂಗಳಲ್ಲಿ ಜಿನೀವಾದ ಪ್ರದರ್ಶನದಲ್ಲಿ ಈ ಕಾರು ಕ್ವಾಟ್ರೊ ಎಂಬ ಹೆಸರಿನಿಂದ ಕಾಣಿಸಿಕೊಂಡಿತು. ಕ್ವಾಟ್ರೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ನಾಲ್ಕು. ಅದರ ಎಂಜಿನ್ನೂ ಸಾಮಾನ್ಯವಾದದ್ದಲ್ಲ: ಐದು ಸಿಲಿಂಡರು, ಟರ್ಬೊ, 200 ಅಶ್ವಶಕ್ತಿ. ಎರಡೂ ಪಕ್ಷಗಳ ಬೇಡಿಕೆಗಳು ಒಂದೇ ಕಾರಿನಲ್ಲಿ ಕೂಡಿಬಂದಿದ್ದವು.

ಕಾಡು, ಬೆಟ್ಟ, ಮಣ್ಣಿನ ದಾರಿಗಳಲ್ಲಿ ನಡೆಯುವ ರ್‍ಯಾಲಿ ಪಂದ್ಯಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. 1981ರ ಫೆಬ್ರವರಿಯಲ್ಲಿ ಹನ್ನು ಮಿಕ್ಕೊಲ ಸ್ವೀಡನ್ನಿನ ಹಿಮದಲ್ಲಿ ಗೆದ್ದ. ಅದೇ ಅಕ್ಟೋಬರಿನಲ್ಲಿ ಇಟಲಿಯ ಸ್ಯಾನ್‌ರೆಮೊ ರ್‍ಯಾಲಿಯನ್ನು ಫ್ರಾನ್ಸಿನ ಮಿಷೆಲ್ ಮೂಟನ್ ಗೆದ್ದಳು. ಪಕ್ಕದಲ್ಲಿ ದಾರಿ ಹೇಳುತ್ತ ಕುಳಿತವಳು ಇಟಲಿಯ ಫಾಬ್ರಿಜಿಯಾ ಪೋನ್ಸ್. ವಿಶ್ವ ರ್‍ಯಾಲಿ ಚಾಂಪಿಯನ್‌ಷಿಪ್ಪಿನ ಪಂದ್ಯವೊಂದನ್ನು ಹೆಣ್ಣುಮಗಳೊಬ್ಬಳು ಗೆದ್ದದ್ದು ಅದೇ ಮೊದಲು. ಗೆಲುವು ಕಾರಿನದೇ ಹೊರತು ಅವಳದಲ್ಲ ಎಂದು ಹೇಳುವವರಿಗೆ ಅವಳು 1982ರಲ್ಲಿ ಉತ್ತರ ಕೊಟ್ಟಳು. ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಎಂಬ ಮೂರು ಪಂದ್ಯಗಳನ್ನು ಗೆದ್ದು ಚಾಂಪಿಯನ್ ಪದವಿಯ ಹೊಸ್ತಿಲಿಗೆ ಬಂದಳು. ಐವರಿ ಕೋಸ್ಟಿನ ಪಂದ್ಯ ಆರಂಭವಾಗುವ ಹೊತ್ತಿಗೆ ಅವಳ ತಂದೆ ತೀರಿಕೊಂಡ ಸುದ್ದಿ ಬಂತು. ಆದರೂ ಓಡಿಸಿದಳು, ಮುನ್ನಡೆಯಲ್ಲಿದ್ದಳು. ಕೊನೆಗೆ ಕಾರು ಕೆಟ್ಟು, ಅಪಘಾತವೂ ಆಗಿ ಪಂದ್ಯ ಕೈತಪ್ಪಿತು. ಆ ವರ್ಷದ ಪದವಿ ಹೋದದ್ದು ವಾಲ್ಟರ್ ರೋರ್ಲ್ ಎಂಬ ಜರ್ಮನ್ ಚಾಲಕನಿಗೆ. ಅವನು ಓಡಿಸುತ್ತಿದ್ದದ್ದು ಓಪೆಲ್ ಸಂಸ್ಥೆಯ ಕಾರನ್ನು. ಅದಕ್ಕೆ ಟರ್ಬೊ ಇರಲಿಲ್ಲ. ದುಡಿಯುತ್ತಿದ್ದದ್ದು ಹಿಂದಿನ ಎರಡೇ ಚಕ್ರಗಳು.

ಮರುವರ್ಷ ಅದೇ ರೋರ್ಲ್ ಇಟಲಿಯ ಲಾನ್ಸಿಯ ತಂಡವನ್ನು ಸೇರಿದ. ಲಾನ್ಸಿಯ 037 ಎಂಬ ಆ ಕಾರಿಗೂ ಹಿಂದಿನ ಚಕ್ರಗಳ ಚಾಲನೆಯೇ. ಆದರೆ ಅದು ಹಗುರ. ಎಂಜಿನ್ನು ಚಾಲಕನ ಬೆನ್ನಿನ ಹಿಂದೆ, ಕಾರಿನ ನಡುಭಾಗದಲ್ಲಿ ಇತ್ತು. ಆಡಿ ಕಾರಿನಲ್ಲಿಯಾದರೋ ಭಾರವಾದ ಎಂಜಿನ್ನು ಮುಂದಿನ ಅಚ್ಚಿಗಿಂತಲೂ ಮುಂದೆ ತೂಗುತ್ತಿತ್ತು. ತಿರುವಿನಲ್ಲಿ ಮೂಗು ಹೊರಕ್ಕೆ ಜಗ್ಗುತ್ತಿತ್ತು. 1983ರ ಮಾಂಟೆ ಕಾರ್ಲೋ ಪಂದ್ಯದ ಮೊದಲೆರಡು ಸ್ಥಾನಗಳು ಲಾನ್ಸಿಯಕ್ಕೆ ದೊರೆತವು. ವರ್ಷದ ಕೊನೆಗೆ ತಯಾರಕರ ಪದವಿಯೂ ಕೂದಲೆಳೆಯ ಅಂತರದಲ್ಲಿ ಅದಕ್ಕೇ ಸಂದಿತು. ಆದರೆ ಚಾಲಕರ ಪದವಿ ಆಡಿಯ ಮಿಕ್ಕೊಲನಿಗೆ ಸಂದಿತು. ಒಂದೇ ವರ್ಷದಲ್ಲಿ ಎರಡು ಪಕ್ಷಗಳೂ ಗೆದ್ದವು. ಅಂದಿನಿಂದ ಇಂದಿನವರೆಗೆ ಅಭಿಮಾನಿಗಳ ವಾದಕ್ಕೆ 1983 ಮುಗಿಯದ ಮೇವಾಗಿದೆ. ಹಿಂದಿನ ಚಕ್ರಗಳ ಕಾರೊಂದು ಆ ಪದವಿಯನ್ನು ಗೆದ್ದದ್ದು ಮಾತ್ರ ಅದೇ ಕೊನೆ.

ಆಮೇಲಿನ ಕಥೆ ವಿನೋದದ ಕಥೆಯಲ್ಲ. ಗ್ರೂಪ್ ಬಿ ಎಂಬ ಅಂದಿನ ನಿಯಮಾವಳಿ ಕೇವಲ 200 ಕಾರುಗಳನ್ನು ತಯಾರಿಸಿದ ಸಂಸ್ಥೆಗೂ ಪಂದ್ಯಕ್ಕಿಳಿಯಲು ಅವಕಾಶ ಕೊಟ್ಟಿತ್ತು. ಆದುದರಿಂದ ರಸ್ತೆಯ ಕಾರಿನ ಹೆಸರು ಹೊತ್ತ ಪಂದ್ಯದ ಯಂತ್ರಗಳು ಹುಟ್ಟಿದವು. ಪ್ಯೂಜೋ ಸಂಸ್ಥೆ ಲಾನ್ಸಿಯದಂತೆ ನಡುವೆ ಎಂಜಿನ್ನನ್ನಿಟ್ಟು, ಆಡಿಯಂತೆ ನಾಲ್ಕು ಚಕ್ರಗಳನ್ನು ದುಡಿಸಿ 1985 ಮತ್ತು 1986ರ ಪದವಿಗಳನ್ನು ಗೆದ್ದಿತು. ಲಾನ್ಸಿಯ ತನ್ನ ಡೆಲ್ಟಾ ಎಸ್-4 ಕಾರಿಗೆ ಟರ್ಬೊದ ಜೊತೆಗೆ ಎಂಜಿನ್ನೇ ತಿರುಗಿಸುವ ಇನ್ನೊಂದು ಗಾಳಿತಿದಿಯನ್ನೂ ಜೋಡಿಸಿತು. ಸಾವಿರ ಕಿಲೋಗಿಂತ ಕಡಿಮೆ ತೂಕ, 450ನ್ನು ಮೀರಿದ ಅಶ್ವಶಕ್ತಿ, ನಾಲ್ಕು ಚಕ್ರಗಳ ಹಿಡಿತ: ಎರಡು ಪಕ್ಷಗಳ ಕನಸೂ ಒಟ್ಟಿಗೆ ಕೈಗೂಡಿತ್ತು. ಹಿಂದೆ ಚಕ್ರಗಳು ಜಾರಿ ವ್ಯರ್ಥವಾಗುತ್ತಿದ್ದ ಬಲವೆಲ್ಲ ಈಗ ವೇಗವಾಗಿ ಮಾರ್ಪಡುತ್ತಿತ್ತು. ಆದರೆ ದಾರಿಗಳು ಹಳೆಯವೇ. ದಾರಿಯ ಅಂಚಿನಲ್ಲಿ, ಕೆಲವೆಡೆ ದಾರಿಯ ಮೇಲೆಯೇ, ನಿಂತ ಸಾವಿರಾರು ಜನರ ಮೈಯೂ ಚಾಲಕನ ಕಣ್ಣು ಕೈಗಳೂ ಹಳೆಯವೇ.

1985ರ ಮೇ 2ರಂದು ಕಾರ್ಸಿಕಾ ದ್ವೀಪದ ಪಂದ್ಯದಲ್ಲಿ ಅಟಿಲಿಯೊ ಬೆಟ್ಟೆಗ ಮಡಿದ. 1986ರ ಮಾರ್ಚಿನಲ್ಲಿ ಪೋರ್ಚುಗಲ್ಲಿನಲ್ಲಿ ನಾಲ್ಕು ಚಕ್ರ ಚಾಲನೆಯ ಕಾರೊಂದು ಹತೋಟಿ ತಪ್ಪಿ ಪ್ರೇಕ್ಷಕರ ಮೇಲೆ ನುಗ್ಗಿತು. ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಪ್ರಮುಖ ತಂಡಗಳ ಚಾಲಕರು ಆ ಪಂದ್ಯವನ್ನು ಮುಂದುವರಿಸಲು ನಿರಾಕರಿಸಿದರು. ಅದೇ ವರ್ಷದ ಮೇ 2ರಂದು, ಬೆಟ್ಟೆಗ ಸತ್ತು ಸರಿಯಾಗಿ ಒಂದು ವರ್ಷಕ್ಕೆ, ಕಾರ್ಸಿಕಾದಲ್ಲಿಯೇ ಹೆನ್ರಿ ಟೊಯಿವೊನೆನ್ ಮತ್ತು ಅವನ ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಇದ್ದ ಡೆಲ್ಟಾ ಎಸ್-4 ತಿರುವೊಂದರಲ್ಲಿ ದಾರಿ ಬಿಟ್ಟು ಕಮರಿಗೆ ಉರುಳಿ ಉರಿದುಹೋಯಿತು. ಇಬ್ಬರೂ ಬದುಕಲಿಲ್ಲ. ಅಂದಿನ ಅಗ್ರಗಣ್ಯ ಚಾಲಕರಲ್ಲಿ ಒಬ್ಬನಾದ ಟೊಯಿವೊನೆನ್‌ಗೆ ಆಗ 29 ವರ್ಷ. ಆ ವರ್ಷದ ಅಂತ್ಯಕ್ಕೆ ಗ್ರೂಪ್ ಬಿ ಕಾರುಗಳ ಯುಗ ಮುಗಿಯಿತು. ಇಂದಿಗೂ ಆ ಕಾರುಗಳ ಸದ್ದನ್ನು ನೆನೆದು ಪುಲಕಗೊಳ್ಳುವವರಿದ್ದಾರೆ. ಆ ಪುಲಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಲೆಕ್ಕವನ್ನು ಬರೆಯುವಾಗ ಖರ್ಚಿನ ಪುಟವನ್ನು ಹರಿದುಹಾಕಬಾರದು.

1987ರಿಂದ ಪಂದ್ಯ ಸಾಮಾನ್ಯರು ಕೊಳ್ಳಬಹುದಾದ ಕಾರುಗಳ ಕಡೆಗೆ ಹೊರಳಿತು. ಐದು ಸಾವಿರ ಕಾರುಗಳನ್ನು ತಯಾರಿಸಿದವರಿಗೆ ಮಾತ್ರ ಪ್ರವೇಶ; ಎಂಜಿನ್ನಿನ ಬಲಕ್ಕೂ ಕಡಿವಾಣ. ಬಲ ಕಡಿಮೆಯಾದಾಗ ಹಂಚಿಕೆಯ ಜಾಣ್ಮೆ ಬೆಳೆಯಿತು. ಎರಡು ಲೀಟರ್ ಟರ್ಬೊ ಎಂಜಿನ್ನಿನ ಲಾನ್ಸಿಯ ಡೆಲ್ಟಾ 1987ರಿಂದ 1992ರವರೆಗೆ ಸತತವಾಗಿ ಆರು ಪದವಿಗಳನ್ನು ಗೆದ್ದಿತು. ಆಮೇಲೆ ಜಪಾನಿನ ಎರಡು ಕಾರುಗಳ ಪೈಪೋಟಿ ಬಂತು. ಅಭಿಮಾನಿಗಳ ಲೋಕದಲ್ಲಿ ಇಷ್ಟು ದೀರ್ಘವಾಗಿ ನಡೆದ ಜಗಳ ಇನ್ನೊಂದು ಇರಲಾರದು. ಸುಬಾರು ಇಂಪ್ರೆಝಾದ ಎಂಜಿನ್ನಿನಲ್ಲಿ ಸಿಲಿಂಡರುಗಳು ಎಡಕ್ಕೆ ಎರಡು, ಬಲಕ್ಕೆ ಎರಡು ಮಲಗಿರುತ್ತವೆ. ಹಾಗಾಗಿ ಭಾರ ನೆಲಕ್ಕೆ ಹತ್ತಿರ, ಎರಡೂ ಮಗ್ಗುಲು ಸಮ. ಮಿತ್ಸುಬಿಷಿ ಲಾನ್ಸರ್ ಎವಲ್ಯೂಷನ್ನಿನ ನಾಲ್ಕು ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ಒಂಬತ್ತನೆಯ ಆವೃತ್ತಿಯವರೆಗೂ ಬಂದ ಎರಕದ ಕಬ್ಬಿಣದ ಆ ಎಂಜಿನ್ನು ಎಷ್ಟು ಗಾಳಿಯನ್ನೊತ್ತಿದರೂ ತಾಳಿಕೊಳ್ಳುತ್ತದೆ ಎಂದು ಹೆಸರಾಯಿತು. ಅದರ ಹಿಂದಿನ ಡಿಫರೆನ್ಷಿಯಲ್ ತಿರುವಿನಲ್ಲಿ ಯಾವ ಮಗ್ಗುಲಿನ ಚಕ್ರಕ್ಕೆ ಹೆಚ್ಚು ಬಲ ಬೇಕೆಂಬುದನ್ನೂ ತೂಗಿ ಕೊಡುತ್ತಿತ್ತು. 1995ರಲ್ಲಿ ಸುಬಾರುವಿನ ಕಾಲಿನ್ ಮೆಕ್‌ರೇ ಚಾಂಪಿಯನ್ ಆದ. 1996ರಿಂದ 1999ರವರೆಗೆ ನಾಲ್ಕು ವರ್ಷ ಮಿತ್ಸುಬಿಷಿಯ ಟೊಮ್ಮಿ ಮ್ಯಾಕಿನೆನ್. ತಯಾರಕರ ಪದವಿ 1995ರಿಂದ ಮೂರು ವರ್ಷ ಸುಬಾರುವಿಗೆ. ಇಷ್ಟು ಸಮಬಲದ ಜೋಡಿಯಲ್ಲಿ ಯಾರು ಮೇಲು ಎಂದು ಹೇಗೆ ಹೇಳುವುದು? ಇಂದು ಲಾನ್ಸರಿನ ಆ ರೂಪವೂ ಇಂಪ್ರೆಝಾದ ಹಳೆಯ ರೂಪವೂ ತಯಾರಾಗುತ್ತಿಲ್ಲ. ಜಗಳ ಮಾತ್ರ ನಿಂತಿಲ್ಲ.

ಇದೇ ಕಾಲದ ಇನ್ನೊಂದು ಕಾರನ್ನು ಹೆಸರಿಸಲೇಬೇಕು. 1989ರಲ್ಲಿ ಬಂದ ನಿಸಾನ್ ಸ್ಕೈಲೈನ್ ಜಿಟಿ-ಆರ್. 2.6 ಲೀಟರಿನ ಆರು ಸಿಲಿಂಡರ್ ಎಂಜಿನ್ನು, ಎರಡು ಟರ್ಬೊ. ಸಾಮಾನ್ಯವಾಗಿ ಹಿಂದಿನ ಚಕ್ರಗಳೇ ದುಡಿಯುತ್ತವೆ. ಅವು ಜಾರತೊಡಗಿದುದನ್ನು ಗಣಕವೊಂದು ಅರಿತು ಮುಂದಿನ ಚಕ್ರಗಳಿಗೆ ಬೇಕಾದಷ್ಟೇ ಬಲವನ್ನು ಕಳುಹಿಸುತ್ತದೆ. ಜಪಾನಿನ ಪ್ರವಾಸಿ ಕಾರುಗಳ ಚಾಂಪಿಯನ್‌ಷಿಪ್ಪಿನಲ್ಲಿ 1990ರಿಂದ 1993ರವರೆಗೆ ನಡೆದ 29 ಪಂದ್ಯಗಳಲ್ಲಿ 29ನ್ನೂ ಅದು ಗೆದ್ದಿತು. ಆಸ್ಟ್ರೇಲಿಯದ ಬಾಥರ್ಸ್ಟ್ ಪಂದ್ಯವನ್ನು 1991ರಲ್ಲಿಯೂ 1992ರಲ್ಲಿಯೂ ಗೆದ್ದಿತು. ಈ ಎರಡನೆಯ ಗೆಲುವನ್ನು ಗಮನಿಸಬೇಕು. ಕೊನೆಯ ಹಂತದಲ್ಲಿ ಭಾರಿ ಮಳೆ ಸುರಿಯಿತು. ಆಗ ಗೆರೆಗಳಿಲ್ಲದ ಒಣ ರಸ್ತೆಯ ಟೈರುಗಳಲ್ಲಿ ಓಡುತ್ತಿದ್ದ ಆ ಕಾರು, ಅಷ್ಟೊಂದು ಜಾಣ ವ್ಯವಸ್ಥೆಯಿದ್ದೂ, ಇತರ ಕಾರುಗಳಂತೆಯೇ ನೀರಿನಲ್ಲಿ ತೇಲಿ ಜಖಂಗೊಂಡಿತು. ಪಂದ್ಯವನ್ನು ನಿಲ್ಲಿಸಿ, ಹಿಂದಿನ ಸುತ್ತಿನ ಲೆಕ್ಕ ಹಿಡಿದು ಅದನ್ನೇ ವಿಜೇತನೆಂದು ಸಾರಿದರು. ಮುಂಚೂಣಿಯಲ್ಲಿ ಗೆದ್ದ ಕಾರು ಮುರಿದುಬಿದ್ದಿತ್ತು. ಟೈರು ಕೈಬಿಟ್ಟಾಗ ಎಂಜಿನ್ನೂ ಹಂಚಿಕೆಯೂ ಒಂದೇ ದೋಣಿಯಲ್ಲಿ ಮುಳುಗುತ್ತವೆ.

ಈಗ ವಿದ್ಯುತ್ ಕಾರುಗಳ ಕಾಲ. ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು ಮೋಟಾರನ್ನು ಇಟ್ಟರೆ ನಡುವಿನ ದಂಡವೂ ಬೇಡ, ಟೊಳ್ಳು ದಂಡದ ಚಮತ್ಕಾರವೂ ಬೇಡ. ಯಾವ ಚಕ್ರಕ್ಕೆ ಎಷ್ಟು ಬಲ ಎಂಬುದನ್ನು ಗಣಕ ಕಣ್ಣೆವೆಯಿಕ್ಕುವುದರೊಳಗೆ ನೂರಾರು ಸಲ ನಿರ್ಧರಿಸದಿದ್ದರೂ ಮನುಷ್ಯನಿಗಿಂತ ಬಹಳ ಬೇಗನೆ ನಿರ್ಧರಿಸಬಲ್ಲದು. ನಾಲ್ಕು ಸಿಲಿಂಡರೋ ಐದೋ ಎಂಬ ಪ್ರಶ್ನೆಗೆ ಅಲ್ಲಿ ಅರ್ಥವೇ ಇಲ್ಲ. ಹಳೆಯ ವಾದ ಹೀಗೆ ಒಂದು ಬಗೆಯಲ್ಲಿ ಕರಗುತ್ತಿದೆ. ಆದರೆ ಆ ಕಾರಿನ ಅಡಿಯಲ್ಲಿಯೂ ಇರುವುದು ಅವೇ ನಾಲ್ಕು ಅಂಗೈಗಳು. ಮೇಲಿರುವ ಬ್ಯಾಟರಿಯ ಭಾರ ಬೇರೆ.

ಈ ವಿಚಾರಕ್ಕೂ ನಮ್ಮ ನಾಡಿಗೂ ಸಂಬಂಧವಿಲ್ಲದಿಲ್ಲ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಎಂಜಿನ್ನು ಕೊಡುತ್ತಿದ್ದದ್ದು ಕೇವಲ 60 ಅಶ್ವಶಕ್ತಿ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಅದನ್ನು ಭಾರತದಲ್ಲಿ ಜೋಡಿಸತೊಡಗಿತು. ಆ ಜೀಪಿನ ಸಂತಾನವೇ ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕೆಲಸದಾಳುಗಳನ್ನೂ ಗೊಬ್ಬರದ ಚೀಲಗಳನ್ನೂ ಹೊತ್ತು ಮಳೆಗಾಲದ ಕೆಸರಿನಲ್ಲಿ ಏರುತ್ತ ಇಳಿಯುತ್ತ ಬಂದಿದೆ. ಮಡಿಕೇರಿಯ ಬಳಿ ಮಾಂದಲಪಟ್ಟಿಯ ಕಡಿದಾದ ದಾರಿಯನ್ನು ಅದು ಹತ್ತುವುದನ್ನು ಕಂಡವರು ಅಶ್ವಶಕ್ತಿಯ ಮಾತನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಆಡುತ್ತಾರೆ. ಅದೇ ಕಾಫಿ ನಾಡಿನ ದಾರಿಗಳಲ್ಲಿ 2010ರ ದಶಕದಲ್ಲಿ ಏಷ್ಯಾ-ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್ಪಿನ ಪಂದ್ಯಗಳೂ ನಡೆದವು. ನಾಲ್ಕು ಚಕ್ರ ಚಾಲನೆಯ ಸ್ಕೋಡಾ ಕಾರಿನಲ್ಲಿ ಭಾರತದ ಗೌರವ್ ಗಿಲ್ 2013, 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಷಿಪ್ಪನ್ನು ಗೆದ್ದ.

ಕೊನೆಯದಾಗಿ, ಈ ವಾದವನ್ನು ಕೇವಲ ವಿನೋದಕ್ಕಾಗಿ ಕೇಳುವವರೂ ನೆನಪಿಡಬೇಕಾದ ಒಂದು ಮಾತುಂಟು. ಈಗ ನಮ್ಮ ರಸ್ತೆಗಳಲ್ಲಿಯೂ ನಾಲ್ಕು ಚಕ್ರ ಚಾಲನೆಯ ಎತ್ತರದ ಕಾರುಗಳು ಹೆಚ್ಚುತ್ತಿವೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಜಡಿಮಳೆಯಲ್ಲಿ ಏರುವಾಗ ಅವು ಜಾರದೆ ಏರುತ್ತವೆ. ಚಾಲಕನಿಗೆ ನೆಲದ ಮೇಲೆ ನಂಬಿಕೆ ಹುಟ್ಟುತ್ತದೆ. ಆದರೆ ಆ ನಂಬಿಕೆ ಏರುವುದಕ್ಕೆ ಮಾತ್ರ ಸಲ್ಲುವಂಥದು. ನಿಲ್ಲಿಸುವ ಕೆಲಸದಲ್ಲಿ ಎಲ್ಲ ಕಾರುಗಳೂ ನಾಲ್ಕು ಚಕ್ರದವೇ, ಏಕೆಂದರೆ ಬ್ರೇಕು ಎಲ್ಲದರಲ್ಲಿಯೂ ನಾಲ್ಕು ಚಕ್ರಗಳಿಗೂ ಇರುತ್ತದೆ. ಹೊರಡುವಾಗ ಸಿಕ್ಕ ಹೆಚ್ಚಿನ ಅನುಕೂಲ ನಿಲ್ಲುವಾಗ ಸಿಗುವುದಿಲ್ಲ. ಭಾರ ಹೆಚ್ಚಿದ್ದರೆ ಇಳಿಜಾರಿನಲ್ಲಿ ಬ್ರೇಕು ಇನ್ನಷ್ಟು ಬಳಲುತ್ತದೆ. ಎರಡು ಚಕ್ರದ ಕಾರು ಜಾರಿ ಮೊದಲೇ ಎಚ್ಚರಿಕೆ ಕೊಡುತ್ತದೆ. ನಾಲ್ಕು ಚಕ್ರದ ಕಾರು ಆ ಎಚ್ಚರಿಕೆಯನ್ನು ನುಂಗಿಕೊಂಡು ಮುಂದಿನ ತಿರುವಿನವರೆಗೆ ಒಯ್ಯುತ್ತದೆ. ಆದುದರಿಂದ ಎಂಜಿನ್ನು ದೊಡ್ಡದೋ, ಹಂಚಿಕೆ ದೊಡ್ಡದೋ ಎಂದು ವಾದಿಸುವ ಮಿತ್ರರು ಮಳೆಗಾಲಕ್ಕೆ ಮೊದಲು ತಮ್ಮ ಟೈರುಗಳ ಗೆರೆ ಎಷ್ಟು ಆಳವಾಗಿ ಉಳಿದಿದೆ ಎಂದು ಒಮ್ಮೆ ಬಗ್ಗಿ ನೋಡಲಿ. ವಾದದ ತೀರ್ಪು ಅಲ್ಲಿಯೇ ಬರೆದಿರುತ್ತದೆ.